ತಡವರಿಸುವ ಲಾರಿ

ಮಾರ್ಲಿಸ್ ಕಿಟಲ್ಸನ್‌ಗೆ ಲಾರಿ ಓಡಿಸಲು ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳುವ ಧೈರ್ಯ ನಮ್ಮ ನೋರ್ಬಿ ಊರಿನಲ್ಲಿ ಯಾರಿಗೂ ಇಲ್ಲ. ಅವಳ ಲ್ಯಾಪ್‌ಟಾಪಿಗೆ ಲಾರಿ ಓಡಿಸಲು ಬರುವುದಿಲ್ಲ ಎಂದರು. ಅದೂ ಊರಿನ ಗ್ರಂಥಾಲಯದಲ್ಲಿ, ಎಲ್ಲರ ಎದುರಿಗೆ, ಕೈಯಲ್ಲಿ ಕಾಫಿ ಹಿಡಿದುಕೊಂಡು, ಹವೆಯ ಬಗ್ಗೆ ಮಾತಾಡಿದಷ್ಟೇ ಸಲೀಸಾಗಿ. ನನಗೆ ಇವತ್ತಿಗೂ ಮೈಯುರಿಯುತ್ತದೆ.

ಪ್ರತಿ ಫೆಬ್ರವರಿಯಲ್ಲಿ ನಮ್ಮ ಗ್ರಂಥಾಲಯಕ್ಕೂ ಪಕ್ಕದ ಕ್ರೇನ್ ಫಾಲ್ಸ್ ಊರಿನ ಗ್ರಂಥಾಲಯಕ್ಕೂ ಒಂದು ಪಂದ್ಯ ನಡೆಯುತ್ತದೆ. ಮೊದಲೆಲ್ಲ ಇಸ್ಪೀಟು ಆಡುತ್ತಿದ್ದರು. ಈಗ ಕೆಲವು ವರ್ಷಗಳಿಂದ ಕಂಪ್ಯೂಟರಿನ ಆಟ. ಪರದೆಯ ಮೇಲೆ ಒಂದು ಊರು, ಊರಿನ ತುಂಬ ಹಿಮ. ನಾಲ್ಕು ಜನ ನಾಲ್ಕು ಹಿಮದ ಲಾರಿಗಳಲ್ಲಿ ಹೊರಟು ರಸ್ತೆಗಳನ್ನೆಲ್ಲ ಗೋರಿ ತೆರವು ಮಾಡಬೇಕು. ಯಾವ ತಂಡ ಬೇಗ ಮುಗಿಸುತ್ತದೋ ಅದಕ್ಕೆ ಗೆಲುವು. ಮನೆ ಮುಂದಿನ ಹಿಮ ಗೋರಿ ಗೋರಿ ಸೊಂಟ ಬಿದ್ದುಹೋದ ಜನ, ಒಳಗೆ ಬೆಚ್ಚಗೆ ಕೂತು ಮತ್ತೆ ಹಿಮವನ್ನೇ ಗೋರುವುದು ಏನು ಹುಚ್ಚೋ ನನಗೆ ಗೊತ್ತಿಲ್ಲ. ಆದರೆ ಮಾರ್ಲಿಸಳಿಗೆ ಅದು ಹುಚ್ಚಲ್ಲ. ನಮ್ಮ ಕೌಂಟಿಯ ಹಿಮದ ಲಾರಿ ಓಡಿಸಿದ ಮೊದಲ ಹೆಂಗಸು ಅವಳು. ಸೊಂಟದ ಕೀಲು ಬದಲಾಯಿಸಿದ ಮೇಲೆ ಲಾರಿಯ ಎತ್ತರದ ಮೆಟ್ಟಿಲು ಹತ್ತಲಾಗದೆ ಕೆಲಸ ಬಿಟ್ಟಳು. ಬಿಟ್ಟ ದಿನ ಕೌಂಟಿಯ ಲಾರಿ ಗ್ಯಾರೇಜಿನಲ್ಲಿ ಜೊತೆಗೆ ಕೆಲಸ ಮಾಡಿದ ಗಂಡಸರೆಲ್ಲ ಸೇರಿ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಿದರು. ಆಟ ಆಡುವುದಕ್ಕೆಂದೇ ಮಾಡಿದ ದಪ್ಪನೆಯ ಲ್ಯಾಪ್‌ಟಾಪು, ಒಳಗೆ ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು, ಜೊತೆಗೆ ಹಿಮದ ಲಾರಿಯ ಆಟ. "ಸುಮ್ನೆ ಕೂತ್ರೆ ತುಕ್ಕು ಹಿಡೀತೀಯ" ಎಂದು ಹೇಳಿ ಕೊಟ್ಟರಂತೆ. ಅದನ್ನು ಹೇಳುವಾಗ ಮಾರ್ಲಿಸ್ ಯಾವಾಗಲೂ ಕಿಟಕಿಯ ಕಡೆ ನೋಡುತ್ತಾಳೆ.

ಅವಳ ಬಗ್ಗೆ ಇನ್ನೊಂದು ಮಾತು ಹೇಳಬೇಕು. ರಸ್ತೆಯ ಹಿಮ ಗೋರುವ ಲಾರಿ ಹಾದುಹೋದರೆ ಮನೆಯ ದಾರಿ ರಸ್ತೆಗೆ ಸೇರುವ ದಾರಿಬಾಯಿಗೆ ಗೋಡೆಯ ಹಾಗೆ ಹಿಮ ಬಿದ್ದಿರುತ್ತದೆ. ಅದನ್ನು ಬಯ್ಯದೆ ಚಳಿಗಾಲ ಕಳೆದವರು ನಮ್ಮಲ್ಲಿಲ್ಲ. ನನ್ನ ಗಂಡ ಆರ್ವಿಲ್ ತೀರಿಕೊಂಡ ವರ್ಷ, ಮೊದಲ ಹಿಮ ಬಿದ್ದ ಬೆಳಿಗ್ಗೆ, ಸಲಿಕೆ ಹಿಡಿದು ಅಳುತ್ತಲೇ ಹೊರಗೆ ಹೋದೆ. ದಾರಿಬಾಯಿ ಸ್ವಚ್ಛವಾಗಿತ್ತು. ಮುಂದಿನ ಸಲವೂ ಹಾಗೆಯೇ. ಚರ್ಚಿನಲ್ಲಿ ಸಿಕ್ಕಾಗ ಮಾರ್ಲಿಸಳನ್ನು ಕೇಳಿದೆ. "ಗಾಳಿ ಹಂಗೆ ಬೀಸಿರ್ಬೇಕು ಬಿಡೇ" ಎಂದು ಕಾಫಿ ಲೋಟ ಎತ್ತಿಕೊಂಡು ಹೊರಟುಹೋದಳು. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಈ ವರ್ಷ ಅವಳು ಮೊದಲ ಸಲ ತಂಡಕ್ಕೆ ಹೆಸರು ಕೊಟ್ಟಳು. ಪಂದ್ಯದ ವಾರ ಎಲ್ಲರೂ ತಮ್ಮ ತಮ್ಮ ಯಂತ್ರ ತಂದು ಗ್ರಂಥಾಲಯದಲ್ಲಿ ಪರೀಕ್ಷೆ ಮಾಡಿಸಬೇಕಿತ್ತು. ತಂಡದ ನಾಯಕ ಡ್ಯಾರಿನ್ ಓಪ್ಸಾಲ್, ಬ್ಯಾಂಕಿನಲ್ಲಿರುವವನು. ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಾಗ ನನ್ನ ತರಗತಿಯಲ್ಲಿ ಕೂತಿದ್ದವನು.

ಮಾರ್ಲಿಸ್ ಮೇಜಿನ ಮೇಲೆ ಮೊದಲು ತನ್ನ ಪುಟ್ಟ ಕೌದಿ ಹಾಸಿದಳು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಆ ಕೌದಿ ನಮ್ಮ ಚರ್ಚಿನ ಕೌದಿ ಕೂಟದ ಲವಾನ್ ಕ್ರಿಸ್ಮಸ್‌ಗೆ ಹೊಲಿದು ಕೊಟ್ಟದ್ದು. ಮಾರ್ಲಿಸಳ ಹಳೆಯ ಕಿತ್ತಳೆ ಬಣ್ಣದ ಕೆಲಸದ ಜಾಕೆಟ್ಟನ್ನು ಕತ್ತರಿಸಿ ಮೇಲುಹೊದಿಕೆ ಮಾಡಿದ್ದಳು, ಒಂದು ಉಣ್ಣೆ ಕೋಟು ಬಿಚ್ಚಿ ಒಳಗೆ ತುಂಬಿದ್ದಳು, ನಡುವೆ ಬಿಳಿ ದಾರದಲ್ಲಿ ಲಾರಿಯ ಚಿತ್ರ. ಲವಾನ್ ಅಲ್ಲೇ ಕಾಫಿಯ ಹಂಡೆಯ ಪಕ್ಕ ನಿಂತಿದ್ದಳು. ಕೌದಿ ಕಂಡು ಮುಖ ಅರಳಿತು. ಕೇಳದೆಯೇ ಮಾರ್ಲಿಸಳ ಲೋಟಕ್ಕೆ ಕಾಫಿ ಬಗ್ಗಿಸಿ, ಕೌದಿಯ ಮೇಲೆ ತುಳುಕದಿರಲೆಂದು ಲೋಟವನ್ನು ಅರ್ಧಕ್ಕೇ ನಿಲ್ಲಿಸಿದಳು.

ಮೊದಲು ಚೆನ್ನಾಗಿಯೇ ಓಡಿತು. ಮಾರ್ಲಿಸಳ ಲಾರಿ ಎರಡು ಬೀದಿ ಗೋರಿ ಮೂರನೆಯದಕ್ಕೆ ತಿರುಗಿತು. ಅಲ್ಲಿಂದ ತಡವರಿಸತೊಡಗಿತು. ಒಂದು ಕಡೆ ನಿಂತಂತೆ ಇರುವುದು, ಥಟ್ಟನೆ ನೆಗೆದು ಇನ್ನೊಂದು ಕಡೆ ಇರುವುದು. ತಿರುವಿನಲ್ಲಿ ನೇರ ಹೋಗಿ ಅಂಚೆಪೆಟ್ಟಿಗೆಗಳ ಸಾಲನ್ನೇ ಕೆಡವಿತು. ಮಾರ್ಲಿಸ್ ತನ್ನ ಜೀವಮಾನದಲ್ಲಿ ಒಂದು ಅಂಚೆಪೆಟ್ಟಿಗೆಯನ್ನೂ ಮುಟ್ಟಿದವಳಲ್ಲ. ಕೆಂಪಾದಳು.

"ಲ್ಯಾಗ್ ಆಗ್ತಿದೆ" ಎಂದ ಡ್ಯಾರಿನ್. ಕಾಫಿ ಗುಟುಕರಿಸಿದ. "ನಾನು ಅಂದ್ಕೊಂಡಿದ್ದೆ. ಲ್ಯಾಪ್‌ಟಾಪ್ ಕಾರ್ಡು ಅಲ್ವಾ."

"ಮೊನ್ನೆ ಮೊನ್ನೆವರೆಗೂ ಚೆನ್ನಾಗಿತ್ತಪ್ಪ" ಎಂದಳು ಮಾರ್ಲಿಸ್. "ಈಚೆಗೇ ಹಿಂಗೆ."

"ಈಚೆಗೆ ಆಟದ ಹೊಸ ಆವೃತ್ತಿ ಬಂತಲ್ಲ. ಅದಕ್ಕೆ ಶಕ್ತಿ ಜಾಸ್ತಿ ಬೇಕು. ಕಂಪನಿಯವ್ರು ಪಟ್ಟಿನೇ ಕೊಟ್ಟಿದಾರೆ, ಕನಿಷ್ಠ ಇಂಥ ಕಾರ್ಡ್ ಇರ್ಬೇಕು ಅಂತ."

ಅವನು ಫೋನು ತೋರಿಸಿದ. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಪಟ್ಟಿಯಲ್ಲಿದ್ದ ನಂಬರೂ ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ್ದ ಚೀಟಿಯ ನಂಬರೂ ಒಂದೇ.

"ಇದೇ ತಾನೇ ಅದು?" ಎಂದೆ.

"ನಂಬರ್ ಅದೇ, ಮಿಸೆಸ್ ಸೋರ್ಲಿ. ಆದ್ರೆ ಪಟ್ಟಿಲಿರೋದು ಮೇಜಿನ ಮೇಲಿಡೋ ದೊಡ್ಡ ಕಂಪ್ಯೂಟರಿನ ಕಾರ್ಡು. ಲ್ಯಾಪ್‌ಟಾಪಿಗೆ ಅದೇ ಹೆಸರಲ್ಲಿ ಬರೋದು ಚಿಕ್ಕದು. ಕರೆಂಟು ಕಮ್ಮಿ ಕೊಡ್ತಾರೆ, ಕೆಲಸಾನೂ ಕಮ್ಮಿ ಮಾಡುತ್ತೆ."

"ಅಂದ್ರೆ ಎರಡು ಬೇರೆ ಬೇರೆ ವಸ್ತು, ಹೆಸರು ಒಂದೇ?"

"ಹಂಗೇ ಅನ್ಕೊಳ್ಳಿ."

"ನಾನ್ಯಾಕೆ ಅನ್ಕೊಳ್ಲಿ? ನನ್ನ ಲ್ಯಾಬಲ್ಲಿ ನೀನು ಎರಡು ಸೀಸೆಗೆ ಒಂದೇ ಚೀಟಿ ಅಂಟಿಸಿದ್ರೆ ನಾನು ಏನು ಮಾಡ್ತಿದ್ದೆ ಅಂತ ನೆನಪಿದ್ಯಾ?"

ಯಾರೋ ನಕ್ಕರು. ಡ್ಯಾರಿನ್ ಕೂಡ ನಕ್ಕ. ಆದರೆ ಮನಸ್ಸು ಬದಲಾಯಿಸಲಿಲ್ಲ. "ಒಬ್ರ ಲಾರಿ ತಡವರಿಸಿದ್ರೆ ಹಿಂದೆ ಬರೋರೆಲ್ಲ ಅದಕ್ಕೆ ಡಿಕ್ಕಿ ಹೊಡೀತಾರೆ. ದಂತವೈದ್ಯರ ಅಳಿಯ ಗ್ಯಾರೆಟ್ ಹತ್ರ ಹೊಸ ಯಂತ್ರ ಇದೆ, ಅವನನ್ನ ಕೇಳಿದೀನಿ. ಶನಿವಾರ ಬೆಳಿಗ್ಗೆ ಇನ್ನೊಂದ್ಸಲ ನೋಡೋಣ. ಆಗ್ಲೂ ಹಿಂಗೇ ಇದ್ರೆ ಮಾರ್ಲಿಸ್ ಜಾಗದಲ್ಲಿ ಗ್ಯಾರೆಟ್ ಆಡ್ತಾನೆ. ತಪ್ಪು ತಿಳ್ಕೋಬೇಡಿ ಮಾರ್ಲಿಸ್."

"ಏನಿಲ್ಲಪ್ಪ, ಪರ್ವಾಗಿಲ್ಲ" ಎಂದಳು ಮಾರ್ಲಿಸ್.

ನಮ್ಮ ಮಿನ್ನೆಸೋಟಾದಲ್ಲಿ ಕಾಲು ಮುರಿದು ಮೂಳೆ ಹೊರಗೆ ಬಂದಿದ್ದರೂ ಜನ ಪರವಾಗಿಲ್ಲ ಎನ್ನುತ್ತಾರೆ. ಕೌದಿ ಮಡಚುವಾಗ ಅವಳ ಬೆರಳು ಬಿಳಿ ದಾರದ ಲಾರಿಯ ಮೇಲೆ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ನಾನು ನೋಡಿದೆ.

ಮಾರನೆಯ ದಿನ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ದೊಡ್ಡ ಊರಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಬಾಗಿಲ ಬಳಿ ಟಿವಿ ಪೆಟ್ಟಿಗೆ ಹೊತ್ತುಕೊಂಡಿದ್ದ ಒಬ್ಬಾತ ಅದನ್ನು ಹಿಮದಲ್ಲೇ ಕೆಳಗಿಟ್ಟು ನಮಗೆ ಬಾಗಿಲು ಹಿಡಿದ. ಅವನ ಹೊಟ್ಟೆ ತಣ್ಣಗಿರಲಿ. ಒಳಗಿದ್ದವನು ಅಂಥವನಲ್ಲ. ಎದೆಯ ಮೇಲೆ ಬ್ರೋಡಿ ಎಂದು ಹೆಸರಿನ ಬಿಲ್ಲೆ. ಮಾರ್ಲಿಸ್ ಲ್ಯಾಪ್‌ಟಾಪನ್ನು ಕೌದಿಯ ಸಮೇತ ಎದುರಿಗಿಟ್ಟು ವಿಷಯ ಹೇಳಿದಳು. ಅವನು ಮುಚ್ಚಳ ತೆರೆಯಲಿಲ್ಲ. ಚೀಟಿಯ ನಂಬರು ಓದಿದ, ಅಷ್ಟೆ.

"ಇದರಲ್ಲಿ ಆ ಆಟ ಸ್ಮೂತಾಗಿ ಓಡಲ್ಲ ಮ್ಯಾಮ್. ಹೊಸದು ತಗೋಬೇಕು."

"ಆನ್ ಮಾಡಿ ನೋಡ್ಬಾರ್ದಾ?" ಎಂದೆ.

"ನೋಡೋದೇನಿದೆ? ಗೊತ್ತಿರೋದೇ." ಆಮೇಲೆ ಮಾರ್ಲಿಸಳನ್ನು ನೋಡಿ ದನಿ ಮೆತ್ತಗೆ ಮಾಡಿ, ಸಣ್ಣ ಮಗುವಿಗೆ ಹೇಳುವಂತೆ, "ನಿಮ್ಗೆ ಇಸ್ಪೀಟಿನ ಆಟ, ಮೊಮ್ಮಕ್ಕಳ ಫೋಟೋ, ಇದಕ್ಕೆಲ್ಲ ಇದು ಬೇಕಾದಷ್ಟಾಯ್ತು" ಎಂದ.

ಮಾರ್ಲಿಸಳಿಗೆ ಮೊಮ್ಮಕ್ಕಳಿಲ್ಲ. ಅವಳ ಕೈಯಲ್ಲಿ ಒಂದು ಕಾಲಕ್ಕೆ ಇಡೀ ಕೌಂಟಿಯ ರಸ್ತೆಗಳಿದ್ದವು. ಬಸುರಿ ಹೆಂಗಸಿನ ಆಂಬುಲೆನ್ಸಿಗೆ ದಾರಿ ಬಿಡಿಸಿಕೊಂಡು ಬಿರುಗಾಳಿಯಲ್ಲಿ ಮುಂದೆ ಮುಂದೆ ಹೋದವಳು ಅವಳು. ನಾನು ಅದನ್ನೆಲ್ಲ ಹೇಳಲು ಬಾಯಿ ತೆರೆದೆ. ಅವಳು ನನ್ನ ತೋಳು ಹಿಡಿದಳು. "ಥ್ಯಾಂಕ್ಸ್ ಕಣಪ್ಪ" ಎಂದು ಅವನಿಗೆ ಹೇಳಿ ಹೊರಟೇಬಿಟ್ಟಳು.

ಕಾರಿನಲ್ಲಿ ನಾನೇ ಮಾತಾಡಿದೆ. "ಮುಟ್ಟಿ ನೋಡ್ಲಿಲ್ಲ! ಡಾಕ್ಟರ ಹತ್ರ ಹೋದ್ರೆ ನಿನ್ನ ವಯಸ್ಸು ಕೇಳಿ, ಸತ್ತೋಗ್ತೀಯ ಅಂತ ಕಳಿಸ್ದಂಗಾಯ್ತು. ನೀನೂ ಸರಿ, ಥ್ಯಾಂಕ್ಸ್ ಅಂತೆ ಥ್ಯಾಂಕ್ಸು!"

"ಅವನಿಗೆ ನಿದ್ದೆ ಆಗಿರ್ಲಿಲ್ಲ ಅನ್ಸುತ್ತೆ, ಕಣ್ಣು ಕೆಂಪಗಿತ್ತು."

"ನನ್ನ ಕಣ್ಣೂ ಕೆಂಪಗಿದೆ. ನಾನು ಯಾರಿಗಾದ್ರೂ ಇಸ್ಪೀಟ್ ಆಡು ಅಂದ್ನಾ?"

"ಬಿಡೇ ವೆರ್ನಾ. ಗ್ಯಾರೆಟ್ ಆಡ್ಲಿ. ಒಳ್ಳೇ ಹುಡ್ಗ."

"ಒಳ್ಳೇ ಹುಡ್ಗನೇ. ಗ್ಯಾರೇಜಿನೋರಿಗೆ ಏನು ಹೇಳ್ತೀಯ? ನೀವು ಕೊಡ್ಸಿದ್ದು ಕಸ ಅಂತಾನಾ?"

ಅವಳು ಕಿಟಕಿಯ ಕಡೆ ತಿರುಗಿದಳು. ಊರು ಬರುವವರೆಗೂ ತಿರುಗಿಯೇ ಇದ್ದಳು. ಶನಿವಾರ ಗ್ಯಾರೇಜಿನವರೆಲ್ಲ ನೋಡಲು ಬರುವವರಿದ್ದರು. ಅವಳನ್ನು ಕೊರೆಯುತ್ತಿದ್ದದ್ದು ಆಟವಲ್ಲ. ತಾವು ಪ್ರೀತಿಯಿಂದ ಕೊಟ್ಟದ್ದು ಕೆಲಸಕ್ಕೆ ಬರಲಿಲ್ಲ ಎಂದು ಅವರು ಕಣ್ಣಾರೆ ನೋಡಬೇಕಲ್ಲ ಎಂಬುದು.

ಶುಕ್ರವಾರ ಮಧ್ಯಾಹ್ನ ಅವಳನ್ನು ಊಟಕ್ಕೆ ಕರೆದೆ, ಲ್ಯಾಪ್‌ಟಾಪ್ ತೆಗೆದುಕೊಂಡೇ ಬಾ ಎಂದೆ. ಅಡುಗೆಮನೆಯ ಮೇಜಿನ ಮೇಲೆ ಕೌದಿ ಹಾಸಿ, ಯಂತ್ರವಿಟ್ಟು, ಆಟ ಶುರು ಮಾಡಿದಳು. ನಾನು ಒಲೆಯ ಕಡೆ ಬೆನ್ನು ಹಾಕಿ ನಿಂತು ನೋಡುತ್ತಿದ್ದೆ. ಎರಡು ಬೀದಿ ಸರಾಗ. ಮೂರನೆಯದರಲ್ಲಿ ಮತ್ತೆ ಅದೇ ತಡವರಿಕೆ. ಯಂತ್ರದ ಹೊರೆ ಇಳಿಸಲು ಆಟದ ಚಿತ್ರದಿಂದ ನೆರಳುಗಳನ್ನು ತೆಗೆದುಹಾಕಿ ನೋಡಿದಳು, ದೂರದ ಮರಗಳನ್ನು ತೆಗೆದುಹಾಕಿ ನೋಡಿದಳು. ಪರದೆಯ ಊರು ಬೋಳಾಯಿತೇ ಹೊರತು ಲಾರಿ ಸರಿಹೋಗಲಿಲ್ಲ.

"ಅವ್ರು ಹೇಳಿದ್ದೇ ನಿಜ ಕಣೆ" ಎಂದಳು.

ನನಗೆ ಒಂದು ವಿಷಯ ಕೊರೆಯುತ್ತಿತ್ತು. ಶಕ್ತಿಯಿಲ್ಲದ ಯಂತ್ರ ಮೊದಲ ಬೀದಿಯಲ್ಲೇ ತಡವರಿಸಬೇಕು. ಇದು ಯಾಕೆ ಎರಡು ಬೀದಿ ಚೆನ್ನಾಗಿ ಹೋಗಿ ಆಮೇಲೆ ಕೈ ಬಿಡುತ್ತದೆ? ಅಷ್ಟರಲ್ಲಿ ಒಲೆಯ ಗಂಟೆ ಹೊಡೆಯಿತು. ಹಾಟ್‌ಡಿಶ್ ಬೆಂದಿತ್ತು. ಮಾಂಸ, ಹುರುಳಿಕಾಯಿ, ಮೇಲೆ ಕೆಂಪಗೆ ಹುರಿದ ಆಲೂಗಡ್ಡೆ, ಗಾಜಿನ ಪಾತ್ರೆಯ ಅಂಚಿನಲ್ಲಿ ಕೊತಕೊತ ಕುದಿಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ತಿರುಗಿದರೆ ಪಾತ್ರೆಯ ಕೆಳಗೆ ಹಾಸಲು ಮೇಜಿನ ಮೇಲೆ ಏನೂ ಇಲ್ಲ. ಬಿಸಿ ಕೈಗವಸು ದಾಟಿ ಬೆರಳಿಗೆ ಇಳಿಯುತ್ತಿತ್ತು.

"ಅದನ್ನ ಎಳಿ, ಅದನ್ನ ಎಳಿ!" ಎಂದು ಕೂಗಿದೆ.

ಅವಳು ಗಾಬರಿಯಲ್ಲಿ ಲ್ಯಾಪ್‌ಟಾಪ್ ಎತ್ತಿ ಕೌದಿ ನನ್ನ ಕಡೆ ತಳ್ಳಿದಳು. ನಾನು ಪಾತ್ರೆಯನ್ನು ಅದರ ಮೇಲೆ ಇಟ್ಟೆ. ಅವಳು ಯಂತ್ರವನ್ನು ಪಕ್ಕದಲ್ಲಿದ್ದ ಕಂಬಿಯ ಜಾಲರಿಯ ಮೇಲಿಟ್ಟಳು. ಬೆಳಿಗ್ಗೆ ಬಿಸ್ಕತ್ತು ಆರಲು ಹಾಕಿದ್ದ ಜಾಲರಿ ಅದು, ಕೆಳಗೆ ಬೆರಳಗಲ ಗಾಳಿಯಾಡುವ ಜಾಗ.

"ಲವಾನ್ ಕೌದಿ ಕಣೇ! ಮೇಲೆ ಸಾರು ಚೆಲ್ಲಿದ್ರೆ ಅವ್ಳಿಗೆ ಏನು ಹೇಳ್ಲಿ?"

"ಬಿಸಿ ಪಾತ್ರೆ ಬೀಳಿಸಿದ್ರೆ ನನ್ನ ಕಾಲಿಗೆ ಏನು ಹೇಳ್ತಿದ್ದೆ?"

ಕೌದಿಯ ಬಗ್ಗೆ ಜಗಳವಾಡುತ್ತ, ಬಡಿಸಿಕೊಳ್ಳುತ್ತ, ಇಬ್ಬರೂ ತಡವರಿಕೆಯ ವಿಷಯವನ್ನೇ ಮರೆತೆವು. ಅಭ್ಯಾಸಬಲದಿಂದ ಅವಳು ಒಂದು ಕೈಯಲ್ಲಿ ತಿನ್ನುತ್ತ ಒಂದು ಕೈಯಲ್ಲಿ ಲಾರಿ ಓಡಿಸುತ್ತಿದ್ದಳು. ನಾನು ಪಾತ್ರೆಯ ಕೆಳಗಿನ ಕೌದಿಯ ಅಂಚು ಎತ್ತಿ ಮೇಜು ಸುಟ್ಟಿದೆಯೇ ಎಂದು ಮುಟ್ಟಿ ನೋಡಿದೆ. ಮೇಜು ತಣ್ಣಗಿತ್ತು. ಒಳ್ಳೆಯ ಉಣ್ಣೆ, ಬಿಸಿಯನ್ನು ಒಂದು ಚೂರೂ ಕೆಳಗೆ ಬಿಟ್ಟಿರಲಿಲ್ಲ.

ಹಾಗೆಯೇ ಕೈ ನಿಂತುಹೋಯಿತು.

"ಮಾರ್ಲಿಸ್, ನೀನು ಎಷ್ಟನೇ ಬೀದಿಲಿದೀಯ?"

ಅವಳು ಪರದೆ ನೋಡಿದಳು. ಚಮಚ ಬಾಯಿಯ ಹತ್ತಿರವೇ ಉಳಿಯಿತು. ಅರ್ಧ ಊರು ಮುಗಿಸಿದ್ದಳು. ಲಾರಿ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು.

ಜಾಲರಿಯ ಕೆಳಗೆ ಕೈ ಹಾಕಿದೆ. ಯಂತ್ರದ ತಳದ ಸೀಳುಗಳಿಂದ ಬಿಸಿ ಗಾಳಿ ಬುಸುಗುಡುತ್ತಿತ್ತು. ಕ್ರಿಸ್ಮಸ್‌ನಿಂದ ಇಲ್ಲಿಯವರೆಗೆ ಪಾಪದ ಯಂತ್ರ ಉಣ್ಣೆ ಕೋಟಿನ ಮೇಲೆ ಮೂಗು ಮುಚ್ಚಿಕೊಂಡು ಮಲಗಿತ್ತು. ಮೈ ಸುಡುತ್ತಿದ್ದ ಹಾಗೆ, ಸುಟ್ಟುಹೋಗಬಾರದೆಂದು ತನ್ನ ಕೆಲಸ ತಾನೇ ನಿಧಾನ ಮಾಡಿಕೊಳ್ಳುತ್ತಿತ್ತು.

ಮಾರ್ಲಿಸ್ ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ. ಕೋಪ ಇನ್ನೂ ಹೆಚ್ಚಿತು. ಅವಳಿಗೆ ಗೊತ್ತಾಗದಿದ್ದದ್ದು ತಪ್ಪಲ್ಲ, ಲವಾನಳದಂತೂ ತಪ್ಪೇ ಅಲ್ಲ. ಆದರೆ ಆ ಬ್ರೋಡಿಯ ಎದುರಿಗೆ ಕೌದಿಯ ಸಮೇತ ಇಟ್ಟಿದ್ದಳಲ್ಲ! ಡ್ಯಾರಿನ್ ಪಕ್ಕದಲ್ಲೇ ನಿಂತಿದ್ದನಲ್ಲ! ಒಬ್ಬನಾದರೂ ಬಗ್ಗಿ ಕೆಳಗೆ ಏನಿದೆ ಎಂದು ನೋಡಿದನೇ? ಚೀಟಿ ಓದಿದರು, ಪಟ್ಟಿ ಓದಿದರು, ಮುದುಕಿಯ ಮುಖ ಓದಿದರು, ತೀರ್ಪು ಕೊಟ್ಟರು.

ಆದರೆ ಹೊಸ ತೊಡಕು ಎದುರಾಯಿತು. ನಮ್ಮ ಕೌದಿ ಕೂಟದಲ್ಲಿ ಹೊಲಿದು ಕೊಟ್ಟದ್ದನ್ನು ಎದುರಿಗೆ ಬಳಸದಿದ್ದರೆ ಕೊಟ್ಟವರ ಮುಖಕ್ಕೆ ಬಾಗಿಲು ಹಾಕಿದಂತೆ. ಲವಾನ್ ಒಂದು ಮಾತೂ ಆಡುವುದಿಲ್ಲ, ಮನೆಗೆ ಹೋಗಿ ಸೂಜಿಪೆಟ್ಟಿಗೆ ಮುಚ್ಚಿಡುತ್ತಾಳೆ. "ಸೋತ್ರೂ ಪರ್ವಾಗಿಲ್ಲ, ಕೌದಿ ಮೇಲೇ ಆಡ್ತೀನಿ" ಎಂದಳು ಮಾರ್ಲಿಸ್. ತಮಾಷೆಗಲ್ಲ, ನಿಜವಾಗಿಯೇ.

"ನೀನು ಕೌದಿ ಮೇಲೇ ಆಡು" ಎಂದೆ. "ಲ್ಯಾಪ್‌ಟಾಪ್ ಯಾಕೆ ಅದರ ಮೇಲಿರ್ಬೇಕು?"

ಶನಿವಾರ ಗ್ರಂಥಾಲಯದ ಮಡಚುಕುರ್ಚಿಯ ಮೇಲೆ ಕಿತ್ತಳೆ ಕೌದಿ ಹಾಸಿ ಮಾರ್ಲಿಸ್ ಕೂತಳು. ಲವಾನ್ ಹುಬ್ಬೇರಿಸಿದಳು.

"ನನ್ನ ಸೊಂಟಕ್ಕೆ ಕಣೆ ಲವಾನ್. ಈ ತಗಡು ಕುರ್ಚಿ ಮೇಲೆ ಕೂತ್ರೆ ಹೊಸ ಕೀಲು ಐಸಾಗುತ್ತೆ. ನಿನ್ನ ಕೌದಿ ಇಲ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ."

"ಹಂಗಿದ್ರೆ ಇನ್ನೊಂಚೂರು ದಪ್ಪ ಮಾಡ್ತಿದ್ದೆ!" ಎಂದಳು ಲವಾನ್. ಮುಖ ಮೊದಲಿಗಿಂತ ಹೆಚ್ಚು ಅರಳಿತು.

ಮೇಜಿನ ಮೇಲೆ ನನ್ನ ಬಿಸ್ಕತ್ತಿನ ಜಾಲರಿ, ಅದರ ಮೇಲೆ ಲ್ಯಾಪ್‌ಟಾಪ್. ಗ್ಯಾರೆಟ್ ಆಗಲೇ ತನ್ನ ಯಂತ್ರ ಜೋಡಿಸಿ ಕೂತಿದ್ದ. ಡ್ಯಾರಿನ್ ಕೈಗಡಿಯಾರ ನೋಡಿದ.

"ಮಿಸೆಸ್ ಸೋರ್ಲಿ, ಕ್ರೇನ್ ಫಾಲ್ಸಿನೋರು ಬಂದಾಯ್ತು. ಮತ್ತೆ ಪರೀಕ್ಷೆ ಯಾಕೆ, ಕಾರ್ಡ್ ಬದಲಾಗಿಲ್ವಲ್ಲ."

"ಶನಿವಾರ ನೋಡೋಣ ಅಂದೋನು ನೀನು. ನೋಡು."

"ಪಟ್ಟಿ ಪ್ರಕಾರ..."

"ಪಟ್ಟಿ ಜೇಬಲ್ಲಿಡು. ಕಣ್ಣು ಕೊಟ್ಟಿದಾನಲ್ಲ ದೇವ್ರು? ಲವಾನ್ ಹೊಸ ಹಂಡೆ ಕಾಫಿ ಇಟ್ಟಿದಾಳೆ. ಅದು ಇಳಿಯೋವರ್ಗೂ ಇಲ್ಲಿ ನಿಂತು ನೋಡ್ತೀಯ. ತಡವರಿಸಿದ್ರೆ ನಾನೇ ಇವಳನ್ನ ಮನೆಗೆ ಕರ್ಕೊಂಡು ಹೋಗ್ತೀನಿ."

ನನ್ನ ದನಿ ಅಷ್ಟು ಜೋರಾಗಿ ನಾನೇ ಕೇಳಿ ಎಷ್ಟೋ ಕಾಲವಾಗಿತ್ತು. ಗ್ಯಾರೇಜಿನವರು ಟೋಪಿ ತೆಗೆದು ಹತ್ತಿರ ಬಂದು ನಿಂತರು. ಲಾರಿ ಹೊರಟಿತು. ಎರಡು ಬೀದಿ, ಮೂರು ಬೀದಿ, ಬೆಟ್ಟದ ರಸ್ತೆ, ಸೇತುವೆ. ಕಾಫಿ ಇಳಿಯಿತು. ಲಾರಿ ಒಮ್ಮೆಯೂ ನಿಲ್ಲಲಿಲ್ಲ. ಡ್ಯಾರಿನ್‌ನ ಕೈ ಹಿಡಿದು ಯಂತ್ರದ ತಳದಲ್ಲಿ ಇಟ್ಟೆ. "ಉಸಿರಾಡ್ತಿದೆ, ಗೊತ್ತಾಯ್ತಾ?" ಎಂದು ಅವನಿಗೆ ಮಾತ್ರ ಕೇಳುವಂತೆ ಹೇಳಿದೆ. ಕೌದಿಯ ಸುದ್ದಿ ಎತ್ತಲಿಲ್ಲ. ಎದ್ದು ಜಾಗ ಬಿಟ್ಟುಕೊಟ್ಟವನು ಗ್ಯಾರೆಟ್. ತನ್ನ ಒಳ್ಳೆಯ ಮೌಸನ್ನು ಬಿಚ್ಚಿ ಮಾರ್ಲಿಸಳ ಮುಂದಿಟ್ಟ. ಒಳ್ಳೆಯ ಹುಡುಗನೇ.

ಪಂದ್ಯ ಶುರುವಾಯಿತು. ಗೋಡೆಯ ದೊಡ್ಡ ಪರದೆಯಲ್ಲಿ ಎಲ್ಲರ ಲಾರಿಗಳೂ ಕಾಣುತ್ತಿದ್ದವು. ಮಾರ್ಲಿಸಳ ಲಾರಿ ಮುಂದಿತ್ತು. ಹೆದ್ದಾರಿ ಮುಗಿಸಿ ಮನೆಗಳಿರುವ ಬೀದಿಗೆ ತಿರುಗಿತು. ಅಲ್ಲಿ ನಿಧಾನವಾಯಿತು. ಒಂದು ಮನೆಯ ಮುಂದೆ ಬಂದು, ಲಾರಿಯ ಮುಂದಿನ ಗೋರುವ ಹಲಗೆ ಓರೆ ಮಾಡಿ, ಹಿಮವನ್ನು ದಾರಿಬಾಯಿಯಿಂದ ಆಚೆ ದಾಟಿಸಿ, ಮತ್ತೆ ಮುಂದೆ. ಇನ್ನೊಂದು ಮನೆ. ಮತ್ತೆ ನಿಧಾನ.

"ನಾನು ಹೇಳಿರ್ಲಿಲ್ವಾ!" ಡ್ಯಾರಿನ್ ತಲೆ ಹಿಡಿದುಕೊಂಡ. "ಲ್ಯಾಗ್! ಆ ಕಾರ್ಡಿಗೆ ಆಗಲ್ಲ ಅಂತ ಬಡ್ಕೊಂಡೆ!"

"ಲ್ಯಾಗೂ ಇಲ್ಲ ಏನೂ ಇಲ್ಲ" ಎಂದಳು ಮಾರ್ಲಿಸ್, ಪರದೆಯಿಂದ ಕಣ್ಣು ತೆಗೆಯದೆ. "ದಾರಿ ಮುಚ್ಚಬಾರ್ದಲ್ಲ."

"ಆ ಮನೆಗಳಲ್ಲಿ ಯಾರೂ ಇಲ್ಲ ಮಾರ್ಲಿಸ್! ಬರೀ ಚಿತ್ರ! ಅದಕ್ಕೆ ಪಾಯಿಂಟೂ ಕೊಡಲ್ಲ!"

"ಮನೆ ಅಂದ್ಮೇಲೆ ಯಾರೋ ಇರ್ತಾರೆ."

"ಈ ಥರ ಯಾವ ಡ್ರೈವರ್ ಮಾಡ್ತಾನೆ ಹೇಳಿ!"

ಹಂಡೆಯ ಪಕ್ಕದಿಂದ ಲವಾನ್, "ನಮ್ಮ ಮನೆ ದಾರಿನೂ ಯಾವತ್ತೂ ಮುಚ್ಚಿರ್ತಿರ್ಲಿಲ್ಲ" ಎಂದಳು, ನಿಧಾನಕ್ಕೆ, ಈಗ ತಾನೇ ಲೆಕ್ಕ ಹಾಕುತ್ತಿರುವವಳಂತೆ. "ಕೇಳಿದ್ರೆ ಗಾಳಿ ಅಂದ್ಳು."

"ನಮ್ಮಮ್ಮನಿಗೂ ಗಾಳಿ ಅಂತಾನೇ ಹೇಳಿದ್ರಂತೆ" ಎಂದಿತು ಕ್ರೇನ್ ಫಾಲ್ಸಿನ ಕಡೆಯ ಒಂದು ದನಿ.

ನಾನು ಇಷ್ಟು ವರ್ಷ ಆ ಗಾಳಿ ನನ್ನ ಮನೆಗೆ ಮಾತ್ರ ಬೀಸುತ್ತಿತ್ತು ಎಂದುಕೊಂಡಿದ್ದೆ.

ನಾವು ಸೋತೆವು, ಕೂದಲೆಳೆಯಷ್ಟರಲ್ಲಿ. ಗ್ಯಾರೇಜಿನವರು ಗೆದ್ದವರ ಹಾಗೆ ಸೀಟಿ ಹೊಡೆದರು. ಡ್ಯಾರಿನ್ ಮುಖ ಊದಿಸಿಕೊಂಡು ವೈರು ಸುತ್ತುತ್ತಿದ್ದ. ನಾನು ಅವನ ಹತ್ತಿರ ಹೋಗಿ, ಆ ಆಟ ಮಾಡಿದವರಿಗೆ ನೆರಳು ಬಿಡಿಸಲು ಬರುತ್ತದೆ, ಮರದ ಮೇಲಿನ ಹಿಮ ಉದುರಿಸಲು ಬರುತ್ತದೆ, ಅದಕ್ಕೆಲ್ಲ ದೊಡ್ಡ ಕಾರ್ಡು ಬೇಕು ಎಂದು ಪಟ್ಟಿ ಕೊಡಲೂ ಬರುತ್ತದೆ, ಒಂದು ದಾರಿಬಾಯಿ ತೆರೆದಿದ್ದಕ್ಕೆ ಒಂದು ಪಾಯಿಂಟ್ ಕೊಡಲು ಬರುವುದಿಲ್ಲವೇ ಎಂದು ಕೇಳಿದೆ.

"ಅದನ್ನ ನನ್ನ ಕೇಳಿದ್ರೆ ಹೆಂಗೆ, ಮಿಸೆಸ್ ಸೋರ್ಲಿ" ಎಂದ.

"ಮತ್ಯಾರನ್ನ ಕೇಳ್ಲಿ?"

ಲ್ಯಾಪ್‌ಟಾಪನ್ನು ಕಾರಿನವರೆಗೆ ಅವನೇ ಹೊತ್ತುಕೊಂಡು ಬಂದ. ಹಿಂದಿನ ಸೀಟಿನಲ್ಲಿ ಇಡುವಾಗ ಮಾರ್ಲಿಸ್ ಕೌದಿ ಹಾಸಲು ಹೋದಳು. ಅವನು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೊದಲು ಜಾಲರಿ ಇಟ್ಟ.